ಅಮ್ಮಿಯ ಹಾಸಿಗೆಗೆ ಹನ್ನೆರಡೂವರೆ ವೋಲ್ಟು

ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡದಿದ್ದರೆ ನನ್ನ ಕಾಲು ಮುಂದಕ್ಕೆ ಹೋಗುವುದಿಲ್ಲ. ತುಮಕೂರಿನ ಬಟವಾಡಿಯ ಅಂಗಡಿಗೆ ಹೊರಟವನು ಗ್ಯಾಸ್ ಆರಿಸಿದ್ದೀನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಉಪ್ಪಾರಹಳ್ಳಿಯ ಮನೆಗೆ ವಾಪಸ್ ತಿರುಗಿದ್ದು ಒಂದೆರಡು ಸಲವಲ್ಲ. ಅವತ್ತು ನಾನು ಒಲೆಯ ಹತ್ತಿರವೇ ಸುಳಿದಿರುವುದಿಲ್ಲ, ಆದರೂ ತಪ್ಪು ನನ್ನದೇ ಇರಬೇಕು ಅನ್ನಿಸುತ್ತದೆ. "ನಿನ್ ತಲೇಲಿ ಒಂದು ಕೋಳಿ ಕೂತಿದೆ ಕಣೋ, ಹೊತ್ತಿಲ್ಲ ಗೊತ್ತಿಲ್ಲ ಕೆರೀತಾನೇ ಇರ್ತದೆ" ಎಂದು ಅಮ್ಮಿ ಬಯ್ಯುತ್ತಾಳೆ. ಮನೆಯೊಳಗೆ ನಮ್ಮದು ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಇಲ್ಲಿ ಅವಳ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಎರಡರಲ್ಲೂ ಅವಳ ಬಾಯಿ ಅಷ್ಟೇ ಜೋರು.

ನನ್ನದು ಗಾಡಿಗಳ ಸೀಟು ಹೊಲಿಯುವ ಕೆಲಸ. ರೆಕ್ಸಿನ್, ಫೋಮು, ದಪ್ಪ ದಾರ, ಇಷ್ಟರಲ್ಲೇ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಎರಡು ವರ್ಷದ ಹಿಂದಿನವರೆಗೆ ನನ್ನ ಚಿಂತೆಗಳೆಲ್ಲ ಸಣ್ಣಪುಟ್ಟವೇ ಆಗಿದ್ದವು. ಆಮೇಲೆ ಅಮ್ಮಿಯ ಮೊಣಕಾಲು ಕೈಕೊಟ್ಟಿತು, ಅವಳು ಮನೆ ಬಿಟ್ಟು ಹೊರಗೆ ಹೋಗುವುದು ನಿಂತಿತು. ಅದಾದ ಮೇಲೆ ಒಂದು ದಿನ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಏನೋ ಆಯಿತು, ಏಳುವುದಕ್ಕೆ ಮಾತ್ರ ಆಗಲಿಲ್ಲ. ಮಲಗಿದ್ದಲ್ಲೇ ಮಲಗಿ ಬೆನ್ನಿನ ಕೆಳಗೆ ಹುಣ್ಣಾಯಿತು. ಅದು ಒಣಗಲು ಐದು ತಿಂಗಳು ಹಿಡಿಯಿತು. ಒಣಗಿದ ದಿನ ಡಾಕ್ಟರು ನಗುನಗುತ್ತಲೇ ನನ್ನ ಎದೆ ಒಡೆಯುವ ಮಾತು ಹೇಳಿದರು: "ಚರ್ಮ ಇನ್ನೂ ತೆಳು. ಇನ್ನೊಂದ್ಸಲ ಬಿಟ್ಕೊಂಡ್ರೆ ಈ ವಯಸ್ಸಲ್ಲಿ ಕಷ್ಟ."

ಆ ಹುಣ್ಣು ಒಣಗಿಸಿದ್ದರಲ್ಲಿ ಅರ್ಧ ಪಾಲು ಒಂದು ಗಾಳಿ ಹಾಸಿಗೆಯದು. ಅದಕ್ಕೆ ಟಿಫನ್ ಡಬ್ಬಿಯಷ್ಟು ದೊಡ್ಡ ಒಂದು ಪಂಪು. ಕರೆಂಟಿಗೆ ಹಾಕಿದರೆ ಗುಂಯ್ ಅಂತ ಗಾಳಿ ತುಂಬುತ್ತದೆ. ಹಾಸಿಗೆಯ ಒಂದು ಸಾಲು ಕೊಳವೆ ಉಬ್ಬಿದರೆ ಪಕ್ಕದ ಸಾಲು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಅದು ಉಬ್ಬಿ ಇದು ಇಳಿಯುತ್ತದೆ. ಹಾಗಾಗಿ ಮೈಯ ಭಾರ ಒಂದೇ ಕಡೆ ಬೀಳುವುದಿಲ್ಲ. ಕರೆಂಟು ಹೋದರೆ ಹಾಸಿಗೆ ನಿಧಾನವಾಗಿ ಚಪ್ಪಟೆಯಾಗಿ, ಅಮ್ಮಿ ಕೆಳಗಿನ ಹಲಗೆಯ ಮೇಲೆ ಬಂದು ಕೂರುತ್ತಾಳೆ. ಮನೆಯಲ್ಲಿ ಯು.ಪಿ.ಎಸ್. ಇತ್ತು. ಆದರೂ ಲೈಟು ಒಂದು ಸಲ ಮಿಣುಕಿದರೆ ಸಾಕು, ನಾನು ಅನ್ನದ ತಟ್ಟೆ ಬಿಟ್ಟು ಪಂಪಿನ ಹತ್ತಿರ ಓಡುತ್ತಿದ್ದೆ.

ಇಷ್ಟರಲ್ಲಿ ಅಮ್ಮಿ ಒಂದು ಹಠ ಹಿಡಿದಳು. ಕುಣಿಗಲ್‌ನಲ್ಲಿರುವ ಅವಳ ಅಕ್ಕನನ್ನು, ಅಂದರೆ ನನ್ನ ಖಾಲಾನನ್ನು, ನೋಡಬೇಕು. ಇಬ್ಬರೂ ಮುಖ ನೋಡಿ ಎರಡು ವರ್ಷವಾಗಿತ್ತು. ಖಾಲಾಗೆ ಕಿವಿ ಪೂರ್ತಿ ಹೋಗಿದೆ, ಫೋನಿನಲ್ಲಿ ಮಾತಾಡಿಸುವಂತಿಲ್ಲ. ಬಸ್ಸು ಹತ್ತಿ ಬರುವ ತ್ರಾಣವೂ ಇಲ್ಲ. ಅಮ್ಮಿಗೆ ಕಾರಿನಲ್ಲಿ ಕೂರಲಾಗದು. ಆಂಬುಲೆನ್ಸ್ ಮಾಡೋಣ ಅಂದಿದ್ದಕ್ಕೆ, "ಆ ಗಾಡೀಲಿ ನಾನು ಅವಳ ಬಾಗಿಲಿಗೆ ಹೋಗಿ ನಿಂತ್ರೆ ಅವಳಿಗೆ ಅಲ್ಲೇ ಎದೆ ಒಡೆದುಹೋಗ್ತದೆ. ಬುದ್ಧಿ ಇದೆಯಾ ನಿಂಗೆ?" ಎಂದು ಮುಖ ತಿರುಗಿಸಿದಳು.

ಹಾಗೆ ಶುರುವಾಯಿತು ಗಾಡಿಯ ಹುಚ್ಚು. ಶಾಲೆಗೆ ಮಕ್ಕಳನ್ನು ಒಯ್ಯುತ್ತಿದ್ದ ಒಂದು ಹಳೆಯ ಟೆಂಪೊ ಸಿಕ್ಕಿತು. ಸೀಟುಗಳನ್ನೆಲ್ಲ ಕಿತ್ತು ನಾನೇ ನಿಂತು ಮಂಚ ಮಾಡಿಸಿದೆ, ಒಳಗೋಡೆಗೆ ಫೋಮು ಹಾಕಿ ರೆಕ್ಸಿನ್ ಹೊದಿಸಿದೆ, ಒಂದು ಫ್ಯಾನು, ಒಂದು ಲೈಟು ಕೂರಿಸಿದೆ. ಮಂಚವನ್ನು ಒಂದು ಬದಿಗೆ ಒತ್ತಿ ಹಾಕಿಸಿದ್ದೆ. ನನ್ನ ಹೆಂಡತಿ ಬಂದು ನೋಡಿದವಳೇ, "ಮಧ್ಯಕ್ಕೆ ಹಾಕ್ಸಿ. ಎರಡು ಕಡೆಯಿಂದ್ಲೂ ಕೈ ಹೋಗ್ಬೇಕು" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ, ಗೊಣಗಿಕೊಂಡು ಬೋಲ್ಟು ಬಿಚ್ಚಿಸಿದೆ. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯದು ಬೇರೆ ಲೆಕ್ಕ. ಹಾಸಿಗೆಯ ಪಂಪಿಗೂ ಫ್ಯಾನಿಗೂ ಅಂತ ಮಂಚದ ಕೆಳಗೆ ಇನ್ನೊಂದು ದೊಡ್ಡ ಬ್ಯಾಟರಿ, ಒಂದು ಇನ್ವರ್ಟರ್ ಇಟ್ಟೆವು.

ಇಟ್ಟವರು ನನ್ನ ಪಕ್ಕದ ಬ್ಯಾಟರಿ ಅಂಗಡಿಯವರು. ನಾನು ಅವರನ್ನು ಅಣ್ಣ ಅನ್ನುತ್ತೇನೆ, ಅವರು ನನ್ನನ್ನು ಭಾಯ್ ಅನ್ನುತ್ತಾರೆ. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು ಲಿಂಗಪೂಜೆ ಮುಗಿಸದೆ ಅಂಗಡಿಯ ಶಟರ್ ಎತ್ತುವವರಲ್ಲ. ನಮ್ಮ ಎರಡೂ ಅಂಗಡಿಗಳ ನಡುವಿನ ಖಾಲಿ ಸೈಟಿನಲ್ಲಿ ಗಾಡಿ ನಿಲ್ಲಿಸಿಕೊಳ್ಳಲು ಜಾಗ ಕೊಟ್ಟವರೂ ಅವರೇ. ಬ್ಯಾಟರಿ ಕೂರಿಸಿದ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಮಾಡಿದರು.

"ನೋಡಿ ಭಾಯ್, ಮೊಬೈಲ್ ತರ ಪೂರ್ತಿ ಖಾಲಿ ಮಾಡಿ ಚಾರ್ಜಿಗೆ ಹಾಕ್ತೀನಿ ಅನ್ನೋ ಬುದ್ಧಿ ಬ್ಯಾಡ. ಹನ್ನೆರಡೂವರೆ ವೋಲ್ಟಿನ ಮೇಲಿದ್ರೆ ಅದು ಆರಾಮಾಗಿದೆ ಅಂತ. ಹನ್ನೆರಡಕ್ಕೆ ಬಂತು ಅಂದ್ರೆ ಅರ್ಧಕ್ಕಿಂತ ಕೆಳಗೆ ಹೋಯ್ತು, ಅಲ್ಲಿಗೆ ನಿಲ್ಲಿಸ್ಬುಡಿ. ಅದಕ್ಕೂ ಕೆಳಗೆ ಎಳೆದು, ಖಾಲಿ ಬ್ಯಾಟರೀನ ಹಂಗೇ ಬುಟ್ರಿ ಅಂದ್ರೆ ಒಳಗೆ ಪ್ಲೇಟಿಗೆ ಬಿಳೀ ಉಪ್ಪು ಹತ್ಕೊಳ್ತದೆ. ಅದು ಗಟ್ಟಿ ಆದ್ರೆ ಮುಗೀತು. ಮೀಟರ್ ಸರಿಯಾಗೇ ತೋರಿಸ್ತದೆ, ಒಳಗೆ ದಮ್ಮೇ ಇರಲ್ಲ."

"ಗಾಡಿ ನಿಂತಿದ್ರೆ ಖರ್ಚಾಗಲ್ಲ ಅಲ್ವಾ ಅಣ್ಣ?"

"ಇನ್ವರ್ಟರ್ ಆನ್ ಇದ್ರೆ ಆಗ್ತದೆ. ಏನೂ ಓಡ್ಸದೇ ಇದ್ರೂ ಅದು ತನ್ನ ಪಾಡಿಗೆ ಕುಡೀತಾ ಇರ್ತದೆ. ಕೆಲಸ ಆದ ತಕ್ಷಣ ಆಫ್ ಮಾಡ್ಬೇಕು. ತಿಂಗಳಿಗೊಂದ್ಸಲ ನೀರು ನೋಡಿ, ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇದು ಹುಯ್ಯಬ್ಯಾಡಿ. ಆಗಾಗ ನಮ್ಮ ಚಾರ್ಜರಿಗೆ ಹಾಕಿ. ಅಷ್ಟೇ, ಮಿಕ್ಕಿದ್ದು ಶಿವನಿಗೆ ಬುಡಿ."

ಶಿವನಿಗೆ ಬಿಡುವ ಜಾತಿ ನನ್ನದಲ್ಲ, ಅಲ್ಲಾಹನಿಗೂ ನಾನು ಸರಿಯಾಗಿ ಬಿಟ್ಟವನಲ್ಲ. ದಿನಕ್ಕೆರಡು ಸಲ ಗಾಡಿ ಹತ್ತಿ ವೋಲ್ಟು ನೋಡತೊಡಗಿದೆ. ಇನ್ವರ್ಟರ್ ಆನ್ ಮಾಡಿದರೆ ಅದರ ಮೂತಿಯ ಮೇಲೆ ಅಂಕಿ ಬರುತ್ತದೆ. ಹನ್ನೆರಡು ಪಾಯಿಂಟ್ ಆರು ಇದ್ದದ್ದು ಪಾಯಿಂಟ್ ಐದಾದರೆ ಅವತ್ತು ಹೊಲಿಗೆ ಸೊಟ್ಟಗಾಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಅಂಕಿ ಹೇಳುತ್ತಿದ್ದೆ. ಅವಳು ಅಮ್ಮಿಯ ಬೆಡ್‌ಶೀಟ್ ಹಿಂಡುತ್ತಾ "ಹೌದಾ" ಅನ್ನುತ್ತಿದ್ದಳು.

ಹೊರಡುವ ದಿನ ಗೊತ್ತಾಯಿತು. ವಿಜಯದಶಮಿ. ಅದಕ್ಕೆ ಕಾರಣವಿತ್ತು. ಆಯುಧಪೂಜೆಗೆ ಮುಂಚಿನ ದಿನಗಳಲ್ಲಿ ನನಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ತುಮಕೂರಿನ ಆಟೊ, ಲಾರಿಗಳಿಗೆಲ್ಲ ಅವತ್ತೇ ಹೊಸ ಸೀಟು ಕವರು ಬೇಕು. ಪೂಜೆ ಮುಗಿದ ಮಾರನೆಯ ದಿನದಿಂದ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಅಲ್ಲಿಂದ ಮೂರು ದಿನ ಕುಣಿಗಲ್‌ನಲ್ಲಿ ಇರುವುದು ಅಂತ ತೀರ್ಮಾನ. ಅಮ್ಮಿ ಒಂದು ವಾರ ಮುಂಚೆಯೇ ತನ್ನ ಹಸಿರು ದುಪಟ್ಟಾ ತೆಗೆಸಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ನಾನು ಇನ್ನೊಂದು ದೊಡ್ಡಸ್ತಿಕೆಯ ಮಾತನ್ನೂ ಆಡಿದ್ದೆ. ಎಂಟು ತಿಂಗಳಿಂದ ಹೆಂಡತಿ ಒಂದು ದಿನವೂ ಮನೆ ಬಿಟ್ಟಿರಲಿಲ್ಲ. ಅವಳ ತವರು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ. "ನೀನು ಮೂರು ದಿನ ತವರಿಗೆ ಹೋಗಿ ಮಲ್ಕೋ. ಅಮ್ಮಿನ ನಾನ್ ನೋಡ್ಕೊಳ್ತೀನಿ. ಹಾಸಿಗೆ ಇದೆಯಲ್ಲ" ಅಂದಿದ್ದೆ. ಅವಳು, "ಹಾಸಿಗೆ ಇದ್ರೂ ಎರಡು ಗಂಟೆಗೊಂದ್ಸಲ ಹೊರಳಿಸ್ಬೇಕು. ಗೊತ್ತಿದೆ ತಾನೇ?" ಅಂದಳು. ಗೊತ್ತು ಗೊತ್ತು ಅಂತ ತಲೆಯಾಡಿಸಿದೆ.

ಪೂಜೆಯ ಮುಂಚಿನ ನಾಲ್ಕು ದಿನ ಸೂಜಿ ಕೆಳಗಿಡಲಿಲ್ಲ. ಗಾಡಿಯ ಕಡೆ ತಲೆ ಹಾಕಲೂ ಆಗಲಿಲ್ಲ. ಆಯುಧಪೂಜೆಯ ಸಾಯಂಕಾಲ ಕೊನೆಯ ಆಟೊ ಕಳಿಸಿ ಸೈಟಿಗೆ ಬಂದು ನೋಡುತ್ತೇನೆ, ನನ್ನ ಟೆಂಪೊ ಮದುಮಗಳ ಹಾಗೆ ನಿಂತಿದೆ! ಮುಂದೆ ಬಾಳೆಕಂದು, ಗಾಜಿಗೆ ಚೆಂಡುಹೂವಿನ ಹಾರ, ಸುತ್ತ ಬಣ್ಣಬಣ್ಣದ ಸೀರಿಯಲ್ ಲೈಟು ಮಿಣಮಿಣ ಅನ್ನುತ್ತಿದೆ. ಅಣ್ಣ ಮಾಡಿಸಿದ್ದು. ನನ್ನ ಹೊಲಿಗೆ ಮೆಷಿನ್ನಿಗೂ ಪ್ರತಿ ವರ್ಷ ಅವರೇ ಬಂದು ಹೂವು ಏರಿಸುತ್ತಾರೆ. ನಾನು ಬೇಡ ಅಂದವನಲ್ಲ, ಅವರು ಕೊಟ್ಟ ಕಡ್ಲೆಪುರಿ, ಬಾಳೆಹಣ್ಣು ಮನೆಗೆ ಒಯ್ಯುತ್ತೇನೆ. "ಅಮ್ಮ ನಾಳೆ ಹೊರಡೋ ಗಾಡಿ. ಪೂಜೆ ಇಲ್ದೆ ಹೆಂಗ್ ನಿಲ್ಸದು ಭಾಯ್?" ಎಂದು ಅವರು ಹಲ್ಲು ಬಿಟ್ಟರು. ಸುತ್ತ ಹತ್ತು ಹನ್ನೆರಡು ಜನ ಪೂಜೆಗೆ ಬಂದವರು, ಅಣ್ಣನ ಮನೆಯವರು, ಗಿರಾಕಿಗಳು.

ನನ್ನ ಕಣ್ಣು ಆ ಲೈಟುಗಳ ಮೇಲೆ ನೆಟ್ಟಿತು. ಗಾಡಿ ಹತ್ತಿ ಮಂಚದ ಕೆಳಗೆ ಬಗ್ಗಿ ನೋಡಿದೆ. ಇನ್ವರ್ಟರಿನಲ್ಲಿ ಅಂಕಿಯೇ ಇಲ್ಲ, ಒಂದು ಕೆಂಪು ಚುಕ್ಕೆ ಮಾತ್ರ. ಅಣ್ಣನ ಹುಡುಗರ ಹತ್ತಿರ ಮೀಟರ್ ಇಸಿದುಕೊಂಡು ಅದರ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದೆ. ಹತ್ತೂವರೆ. ನಾನು ಹನ್ನೆರಡರ ಕೆಳಗೆ ಒಂದು ದಿನವೂ ಇಳಿಯಬಿಡದಿದ್ದ ಬ್ಯಾಟರಿ, ಹತ್ತೂವರೆ!

ಇಳಿದವನೇ ಕೂಗಾಡಿದೆ. "ಯಾರ್ ಹೇಳಿದ್ರು ಲೈಟ್ ಹಾಕಿ ಅಂತ? ನನ್ ಬ್ಯಾಟರಿ ಸಾಯಿಸ್ಬಿಟ್ರಲ್ಲಾ! ನಾಳೆ ಬೆಳಿಗ್ಗೆ ಅಮ್ಮಿನ ಮಲಗಿಸ್ಕೊಂಡು ಹೋಗ್ಬೇಕು ನಾನು. ನೀವೇ ಪಾಠ ಮಾಡಿ ನೀವೇ ಹಿಂಗ್ ಮಾಡೋದಾ? ನಿಮ್ ಹಬ್ಬಕ್ಕೆ ನನ್ ಅಮ್ಮಿ ಬೆನ್ನು ಬೇಕಾಗಿತ್ತಾ?"

ಕೊನೆಯ ಮಾತು ಬಾಯಿಂದ ಜಾರಿದ ಮೇಲೆ ನನಗೇ ಕೇಳಿಸಿತು. ಆದರೆ ಆಡಿ ಆಗಿತ್ತು. ಕಡ್ಲೆಪುರಿ ತಿನ್ನುತ್ತಿದ್ದವರ ಬಾಯಿ ನಿಂತಿತು. ಇಪ್ಪತ್ತು ವರ್ಷದಲ್ಲಿ ನಮ್ಮ ನಡುವೆ 'ನಿಮ್ಮ' ಹಬ್ಬ ಅನ್ನುವ ಮಾತು ಬಂದಿರಲಿಲ್ಲ. ಅಣ್ಣ ಗಾಡಿ ಹತ್ತಿದರು, ಒಳಗೆ ಬಗ್ಗಿ ನೋಡಿದರು, ಇಳಿದು ಬಂದರು. ಮುಖ ಸಪ್ಪಗಾಗಿತ್ತು.

"ಈಗ್ಲೇ ಚಾರ್ಜಿಗೆ ಹಾಕ್ಬೇಕು ಭಾಯ್. ಖಾಲಿ ಬಿಟ್ಟಷ್ಟೂ ಕೆಡ್ತದೆ" ಅಂದರು. ಹಾಗಂದವರು ಅಂಗಡಿಯ ಕಡೆ ತಿರುಗಿ ನಿಂತುಬಿಟ್ಟರು. ಆಗ ನನಗೂ ಕಂಡಿತು. ಚಾರ್ಜರು ಪೂಜೆಯಲ್ಲಿತ್ತು. ಬೆಂಚಿನ ಮೇಲೆ ಕೆಂಪು ಬಟ್ಟೆ ಹಾಸಿ ಅದನ್ನು ನಡುವೆ ಕೂರಿಸಿದ್ದರು, ಮೈಗೆಲ್ಲ ವಿಭೂತಿಪಟ್ಟೆ, ಕುಂಕುಮ, ಮೇಲೊಂದು ಹಾರ. ಸುತ್ತ ಸ್ಪ್ಯಾನರುಗಳು, ಆಸಿಡ್ ನೋಡುವ ಗಾಜಿನ ಕೊಳವೆ. ಆಗತಾನೆ ಮಂಗಳಾರತಿ ಆಗಿತ್ತು. ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ದಿನ ಕದಲಿಸುವ ತನಕ ಯಾರೂ ಮುಟ್ಟುವುದಿಲ್ಲ. ಇಷ್ಟು ವರ್ಷದಲ್ಲಿ ಆಯುಧಪೂಜೆಯ ಸಾಯಂಕಾಲ ಅವರು ಒಂದು ನಟ್ಟು ಬಿಗಿಸಿದ್ದನ್ನೂ ನಾನು ನೋಡಿಲ್ಲ. ಎದುರಿಗೆ ಲಾರಿ ಕೆಟ್ಟು ನಿಂತರೂ "ನಾಳೆ ಬನ್ನಿ" ಅಂದವರು. ಆ ರಜೆಯ ದಿನ ಚಾರ್ಜರ್ ತರಲು ತೆರೆದ ಅಂಗಡಿ ಇನ್ನೆಲ್ಲಿದೆ?

"ಬಿಡಿ ಅಣ್ಣ" ಎಂದೆ. ಸಿಟ್ಟಿನಲ್ಲೇ ಎಂದೆ. ನಾಳೆ ಹೋಗುವುದಿಲ್ಲ ಅಂತ ಅಮ್ಮಿಗೆ ಹೇಗೆ ಹೇಳಲಿ ಅನ್ನುವುದೇ ತಲೆಯಲ್ಲಿ ಕೊರೆಯುತ್ತಿತ್ತು.

ಅವರು ಬೆಂಚಿನ ಮುಂದೆ ಹೋಗಿ ಕೈ ಮುಗಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಎರಡೂ ಕೈ ಹಾಕಿ ಚಾರ್ಜರನ್ನು ಹೂವಿನ ಸಮೇತ ಎತ್ತಿಕೊಂಡರು. ಅವರ ಮನೆಯವರು "ಅಯ್ಯೋ, ರೀ..." ಅಂದರು. "ಇದು ಚೆನ್ನಾಗಿ ಕೆಲ್ಸ ಮಾಡ್ಲಿ ಅಂತ ತಾನೇ ಪೂಜೆ ಮಾಡಿದ್ದು? ಮಾಡ್ಲಿ ಬುಡು" ಎಂದು ಅಣ್ಣ ಗಾಡಿಯೊಳಗೆ ನಡೆದರು. ಕ್ಲಿಪ್ಪು ಕಚ್ಚಿಸುವಾಗ ಕುಂಕುಮ ಅವರ ಬೆರಳಿಗೂ ಬ್ಯಾಟರಿಗೂ ಮೆತ್ತಿಕೊಂಡಿತು. ನಾನು "ಉಪಕಾರ ಆಯ್ತು" ಅಂದೆನೇ ಹೊರತು ಕ್ಷಮಿಸಿ ಅನ್ನಲಿಲ್ಲ. ತಪ್ಪು ಅವರದೇ ಅಂತ ನಂಬಿದ್ದೆ.

ಬೆಳಿಗ್ಗೆ ಮೀಟರು ಹನ್ನೆರಡೂವರೆ ತೋರಿಸಿತು. ನನ್ನ ಮುಖ ಅರಳಿದ್ದು ನೋಡಿ ಅಣ್ಣ ಕೈ ಅಡ್ಡ ಮಾಡಿದರು. "ನಂಬ್ಕೋಬ್ಯಾಡಿ. ಅಷ್ಟ್ ಕೆಳಗೆ ಹೋಗಿ ಬಂದಿದೆ, ಎಷ್ಟು ಹೊತ್ತು ತಡೀತದೋ ಗೊತ್ತಿಲ್ಲ. ಫ್ಯಾನ್ ಹಾಕ್ಬ್ಯಾಡಿ, ಅಲ್ಲಿ ಮನೆ ಕರೆಂಟಿಗೇ ಹಾಕ್ಕೊಳ್ಳಿ. ಗಾಡಿ ಓಡ್ತಾ ಇದ್ರೆ ಭಯ ಇಲ್ಲ, ಇಂಜಿನ್ನು ಕೊಡ್ತಾ ಇರ್ತದೆ."

ಗಾಡಿ ಓಡುತ್ತಾ ಇದ್ದರೆ ಭಯವಿಲ್ಲ. ಆ ಒಂದು ಮಾತು ಹಿಡಿದುಕೊಂಡು ಕುಣಿಗಲ್‌ಗೆ ನೇರ ರಸ್ತೆ ಬಿಟ್ಟೆ. ಹೆಂಡತಿಯನ್ನು ಬಸ್ಸಿಗೆ ಹತ್ತಿಸುವ ಯೋಚನೆಯೂ ಬಿಟ್ಟೆ. ಗುಬ್ಬಿ ಮೇಲೆ ಹೋಗಿ, ಸಿ.ಎಸ್. ಪುರದಲ್ಲಿ ಅವಳನ್ನು ಇಳಿಸಿ, ಅಲ್ಲಿಂದ ಒಳರಸ್ತೆಯಲ್ಲಿ ಕುಣಿಗಲ್. ಬ್ಯಾಟರಿಗೆ ಅಷ್ಟು ಹೊತ್ತು ಹೆಚ್ಚು ಚಾರ್ಜು. ಹಾಸಿಗೆ, ಪಂಪು ಗಾಡಿಗೆ ಹಾಕಿದ ಮೇಲೆ ಅಣ್ಣನ ಹುಡುಗರು ಹೆಂಡತಿ ಹೇಳಿದ ಹಾಗೆ ಅಮ್ಮಿಯನ್ನು ಬೆಡ್‌ಶೀಟ್ ಸಮೇತ ಎತ್ತಿ ಮಲಗಿಸಿದರು, ನಾನು ಗಾಡಿಯ ಬಾಗಿಲು ಹಿಡಿದುಕೊಂಡಿದ್ದೆ. ಹಳ್ಳ ಬಂದಾಗಲೆಲ್ಲ ಹಿಂದಿನಿಂದ "ಹಾ..." ಅಂತ ಸಣ್ಣಗೆ ಕೇಳಿಸುತ್ತಿತ್ತು. ಹೆಂಡತಿ ಅಮ್ಮಿಯ ಪಕ್ಕ ನಿಂತುಕೊಂಡೇ ಬಂದಳು, ಎರಡೂ ಕೈಯಲ್ಲಿ ಅವಳ ಸೊಂಟ ಹಿಡಿದುಕೊಂಡು. "ನಿಧಾನ" ಅಂದಳು ಒಂದು ಸಲ. ಇನ್ನೊಂದು ಸಲ, "ಯಾರಿಗೆ ರೀ ಈ ಸುತ್ತು?" ಅಂದಳು. ನಾನು ಗೇರು ಬದಲಾಯಿಸಿದೆ. ಸಿ.ಎಸ್. ಪುರದಲ್ಲಿ ಇಳಿಯುವ ಮುಂಚೆ ಅವಳು ಅಮ್ಮಿಯನ್ನು ಹೊರಳಿಸಿ, ಬಟ್ಟೆ ಸರಿಮಾಡಿ, ಪೌಡರ್ ಹಾಕಿದಳು. ಆ ಹೊತ್ತಿನಲ್ಲಿ ನಾನು ಯಥಾಪ್ರಕಾರ ಗಾಡಿಯಿಂದಿಳಿದು ಟೈರು ಒದ್ದು ನೋಡುತ್ತಾ ನಿಂತಿದ್ದೆ.

ಕುಣಿಗಲ್ ಮುಟ್ಟುವಾಗ ಮಧ್ಯಾಹ್ನ. ಖಾಲಾಳ ಮನೆ ಕಿರಿದಾದ ಗಲ್ಲಿಯಲ್ಲಿ, ಬಾಗಿಲಿಗೆ ಆರು ಕಡಿದಾದ ಮೆಟ್ಟಿಲು. ಅಮ್ಮಿಯನ್ನು ಮೇಲೆ ಹೊರುವಂತಿರಲಿಲ್ಲ. ಗಾಡಿಯನ್ನೇ ಬಾಗಿಲಿಗೆ ಒತ್ತಿ ನಿಲ್ಲಿಸಿದೆ. ಮನೆಯಿಂದ ವೈರು ಎಳೆದು ಪಂಪಿಗೆ ಕೊಟ್ಟೆ. ಖಾಲಾಳ ಮಗ ಸೊಸೆ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು, ಅವಳೊಬ್ಬಳೇ ಇದ್ದಳು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ನನ್ನ ಭುಜ ಹಿಡಿದು ಗಾಡಿ ಹತ್ತಿದಳು. ಇಬ್ಬರೂ ಒಬ್ಬರ ಕೆನ್ನೆ ಒಬ್ಬರು ಸವರಿಕೊಂಡು ಅತ್ತರು. ಅಮ್ಮಿ ಹಸಿರು ದುಪಟ್ಟಾದಲ್ಲೇ ಮೂಗು ಒರೆಸಿಕೊಂಡಳು.

ಅವರು ಅಳುತ್ತಿರಲಿ ಅಂತ ನಾನು ವೋಲ್ಟು ನೋಡಲು ಬಗ್ಗಿದೆ. ಇನ್ವರ್ಟರಿನ ಸ್ವಿಚ್ಚು ಒತ್ತಿದೆ, ಅಂಕಿ ಬಂತು, ಹನ್ನೆರಡು ಪಾಯಿಂಟ್ ಆರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. ಮಾತಾಡುತ್ತಾ ಗಾಡಿಯಿಂದಿಳಿದೆ.

"ತಲುಪಿದ್ರಾ? ಹೊರಳಿಸಿದ್ರಾ?"

"ಈಗ್ ತಾನೇ ಬಂದ್ವಿ. ಹಾಸಿಗೆ ಓಡ್ತಿದೆ."

"ನಾನ್ ಕೇಳಿದ್ದು ಅದಲ್ಲ" ಅಂದಳು.

ಫೋನು ಜೇಬಿಗೆ ಹಾಕಿ ನಾಲ್ಕು ಹೆಜ್ಜೆ ಹೋದವನು ಹಾಗೇ ನಿಂತೆ. ಇನ್ವರ್ಟರ್ ಆಫ್ ಮಾಡಿರಲಿಲ್ಲ. ಐದು ದಿನದ ಹಿಂದೆಯೂ ಹೀಗೇ ಆಗಿತ್ತು! ಅವತ್ತೂ ವೋಲ್ಟು ನೋಡಲು ಆನ್ ಮಾಡಿದ್ದೆ, ಒಬ್ಬ ಆಟೊದವನ ಫೋನು ಬಂದಿತ್ತು, ಮಾತಾಡುತ್ತಾ ಇಳಿದು ಹೋದವನು ಮತ್ತೆ ಗಾಡಿ ಹತ್ತಿರಲಿಲ್ಲ. ನಾಲ್ಕು ದಿನ ಅದು ತನ್ನ ಪಾಡಿಗೆ ಕುಡಿಯುತ್ತಾ ಕೂತಿತ್ತು. ಸೀರಿಯಲ್ ಲೈಟಿನ ವೈರು? ಕಣ್ಣು ಮುಚ್ಚಿ ನೆನೆದೆ. ಅದು ಗಾಡಿಯ ಕಿಟಕಿಯೊಳಗೆ ಹೋಗಿರಲಿಲ್ಲ. ಸೈಟಿನ ಮೇಲೆ ಹಾದು ಅಣ್ಣನ ಅಂಗಡಿಯ ಗೋಡೆಗೆ ಹೋಗಿತ್ತು. ಅಷ್ಟು ದೊಡ್ಡ ವೈರು ನನ್ನ ಕಾಲಿಗೇ ತೊಡರಿತ್ತು.

ನಾಚಿಕೆಯಿಂದ ಸಾಯುವ ಹಾಗಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನು ಹಚ್ಚಿದೆ. ತೊದಲುತ್ತಾ ಹೇಳಿದೆ.

"ಗೊತ್ತಿತ್ತು ಬುಡಿ ಭಾಯ್" ಅಂದರು ಅವರು. "ನಾನು ಒಳಗೆ ಹೋದಾಗ್ಲೇ ನೋಡಿದ್ನಲ್ಲ, ಸ್ವಿಚ್ ಆನ್‌ನಲ್ಲೇ ಇತ್ತು. ಆಫ್ ಮಾಡ್ದೆ."

"ಮತ್ತೆ ಹೇಳ್ಬಾರ್ದಿತ್ತಾ ಅಣ್ಣ? ನಾನು ಅಷ್ಟು ಜನರ ಮುಂದೆ..."

"ಅಷ್ಟು ಜನ ಇದ್ರು ಅಂತಾನೇ ಹೇಳ್ಲಿಲ್ಲ. ಅಮ್ಮ ಹೆಂಗವ್ರೆ?"

ಚೆನ್ನಾಗಿದ್ದಾಳೆ ಅಂದೆ. ಹೇಳುತ್ತಿದ್ದಂತೆ ಗಲ್ಲಿಯ ತುದಿಯಲ್ಲಿ ಢಮ್ ಅಂತ ಸದ್ದಾಯಿತು. ಟ್ರಾನ್ಸ್‌ಫಾರ್ಮರು. ಮನೆಮನೆಯಲ್ಲೂ ಫ್ಯಾನು ನಿಂತ ನಿಶ್ಶಬ್ದ.

ಓಡಿಹೋಗಿ ಪಂಪನ್ನು ಇನ್ವರ್ಟರಿಗೆ ಹಾಕಿದೆ. ಹಬ್ಬದ ದಿನ, ಲೈನ್‌ಮನ್ ಬರುವುದು ಸಾಯಂಕಾಲವಾಗುತ್ತದೆ ಎಂದು ಎದುರು ಮನೆಯವರು ಹೇಳಿದರು. ಅವರ ಮನೆಯಲ್ಲೂ ಯು.ಪಿ.ಎಸ್. ಇರಲಿಲ್ಲ. ಅಂಕಿ ನನ್ನ ಕಣ್ಣೆದುರಿಗೇ ಇಳಿಯಿತು. ಹನ್ನೆರಡು ಪಾಯಿಂಟ್ ಎರಡು. ಹನ್ನೆರಡು. ಹನ್ನೊಂದೂವರೆ. ಒಳಗೆ ದಮ್ಮಿಲ್ಲ ಅಂದರೆ ಏನು ಅಂತ ಅವತ್ತು ತಿಳಿಯಿತು. ಒಂದು ಗಂಟೆಯೂ ಆಗಿರಲಿಲ್ಲ, ಇನ್ವರ್ಟರು ಕೀಂ ಕೀಂ ಅಂತ ಅರಚಿಕೊಂಡು ಆರಿತು. ಇಂಜಿನ್ ಸ್ಟಾರ್ಟ್ ಮಾಡಿ ನಿಲ್ಲಿಸಿದೆ. ಹೊಗೆ ಗಲ್ಲಿಯ ಗೋಡೆಗೆ ಬಡಿದು ನೇರ ಗಾಡಿಯೊಳಗೇ ತುಂಬಿತು. ಅಮ್ಮಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು, ಖಾಲಾ ಮೂಗಿಗೆ ಸೆರಗು ಒತ್ತಿದಳು. ಆರಿಸಿದೆ. ಹಾಸಿಗೆಯನ್ನು ಮುಟ್ಟಿ ನೋಡಿದೆ. ಕೊಳವೆಗಳು ಮೆತ್ತಗಾಗುತ್ತಿದ್ದವು.

"ಹೊರಡೋಣ ಅಮ್ಮಿ. ಗಾಡಿ ಓಡ್ತಿದ್ರೆ ಹಾಸಿಗೆ ಉಬ್ಬಿರ್ತದೆ. ಮನೆಗೆ ಹೋಗ್ಬಿಡೋಣ."

"ಈಗ್ ತಾನೇ ಬಂದಿದೀನಿ" ಅಂದಳು ಅಮ್ಮಿ.

"ಹುಣ್ಣು ಬಿಟ್ಕೊಂಡ್ರೆ? ಡಾಕ್ಟರು ಏನಂದ್ರು ನೆನಪಿಲ್ವಾ? ಇನ್ನೊಂದ್ಸಲ ಕರ್ಕೊಂಡ್ ಬರ್ತೀನಿ."

"ಇನ್ನೊಂದ್ಸಲ" ಅಂತ ಅಮ್ಮಿ ನನ್ನ ಮಾತನ್ನೇ ತಿರುಗಿ ಹೇಳಿ ಗಾಡಿಯ ಸೂರು ನೋಡಿದಳು.

ಖಾಲಾಗೆ ಏನೂ ತಿಳಿದಿರಲಿಲ್ಲ. ಅವಳಿಗೆ ಎದುರಿನವರ ತುಟಿ ನೆಟ್ಟಗೆ ಕಂಡರೆ ಮಾತ್ರ ಮಾತು ಗೊತ್ತಾಗುತ್ತದೆ. ನಾನು ಬಾಗಿಲು ಹಾಕಲು ಬಂದದ್ದು ಕಂಡು ಗಾಬರಿಯಿಂದ ನನ್ನ ಮುಖ ನೋಡಿದಳು. ತುಟಿ ಬಿಡಿಸಿ ಬಿಡಿಸಿ ಹೇಳಿದೆ, "ಬ್ಯಾಟರಿ ಖಾಲಿ. ಹಾಸಿಗೆ ಇಳೀತಿದೆ. ಬೆನ್ನು."

ಅವಳು ಹಾಸಿಗೆಯನ್ನು ಒಂದು ಸಲ ಅಂಗೈಯಲ್ಲಿ ಒತ್ತಿದಳು. "ಇದಕ್ಕಾ ಹೋಗೋದು? ಹೊರಳ್ಸು ಅವಳನ್ನ. ನಿನ್ ಹೆಂಡ್ತಿ ಹೆಂಗ್ ಹೊರಳ್ಸ್ತಾಳೆ?"

ಹೇಗೆ ಹೊರಳಿಸುತ್ತಾಳೆ? ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ನಾನು ಅಮ್ಮಿಯನ್ನು ಹೊರಳಿಸಿದವನಲ್ಲ. ಆ ಹುಣ್ಣನ್ನು ಕಣ್ಣಿಂದ ನೋಡಿದವನೂ ಅಲ್ಲ. ಹೆಂಡತಿ ಡ್ರೆಸ್ಸಿಂಗ್ ಪೊಟ್ಟಣ ಬಿಚ್ಚಿದ ಕೂಡಲೇ ನಾನು ಹೊರಗೆ. ತಾಯಿಯ ಮೈ, ಗಂಡುಮಗ ನೋಡಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಹೆದರಿಕೆ. ನೋಡಿದರೆ ಅವಳು ಸಾಯುತ್ತಾಳೆ ಅನ್ನುವುದು ನಿಜವಾಗಿಬಿಡುತ್ತದೆ ಅನ್ನುವ ಹೆದರಿಕೆ. ಅದಕ್ಕೇ ನನಗೆ ಬ್ಯಾಟರಿ ಬೇಕಾಗಿತ್ತು. ಅದನ್ನು ದಿನಕ್ಕೆರಡು ಸಲ ನೋಡಬಹುದಿತ್ತು, ಅದರ ಅಂಕಿ ಹೇಳಿಕೊಂಡು ಓಡಾಡಬಹುದಿತ್ತು, ಅಮ್ಮಿಗಾಗಿ ಏನೇನೋ ಮಾಡುತ್ತಿದ್ದೇನೆ ಅಂತ ಅಂದುಕೊಳ್ಳಬಹುದಿತ್ತು.

"ನಂಗೆ ಬರಲ್ಲ ಅಮ್ಮಿ" ಅಂದೆ.

"ನಾನ್ ಹೇಳ್ತೀನಿ. ಬಾ" ಅಂದಳು. "ಆ ಕಡೆ ನಿಂತ್ಕೋ. ಒಂದು ಕೈ ಭುಜದ ಕೆಳಗೆ ಹಾಕು. ಒಂದು ಸೊಂಟದ ಕೆಳಗೆ. ಎಳೀಬೇಡ, ಎಳೆದ್ರೆ ಚರ್ಮ ಕೀಳ್ತದೆ. ಎತ್ತಿ, ಅಕ್ಕನ ಕಡೆಗೆ ಹೊರಳ್ಸು. ಹೆದರ್ಕೋಬೇಡ ಕಣೋ, ಮುರಿದಿದ್ದು ಮುರಿದಾಗಿದೆ."

ಕೈ ಹಾಕಿದೆ. ಲಾರಿಯ ಸೀಟು ಒಬ್ಬನೇ ಎತ್ತುವವನು ನಾನು, ಅಷ್ಟೇ ಬಲ ಹಾಕಲು ಹೋಗಿ ಬೆಚ್ಚಿಬಿದ್ದೆ. ಅಮ್ಮಿಯಲ್ಲಿ ಭಾರವೇ ಇರಲಿಲ್ಲ. ಎಷ್ಟು ಇಳಿದುಹೋಗಿದ್ದಾಳೆ ಅಂತ ಆ ಕ್ಷಣದವರೆಗೂ ನನಗೆ ಗೊತ್ತಿರಲಿಲ್ಲ. ಹೊರಳಿದಳು. ಬೆನ್ನಿಗೆ ದಿಂಬು ಕೊಟ್ಟೆ. ಬಟ್ಟೆ ಸರಿಮಾಡುವಾಗ ಅದು ಕಂಡಿತು. ಬೆನ್ನಿನ ಕೆಳಗೆ, ನನ್ನ ಅಂಗೈಯಷ್ಟು ಅಗಲ, ತೆಳ್ಳಗೆ ಹೊಳೆಯುವ ಗುಲಾಬಿ ಚರ್ಮ. ಸುತ್ತ ಕಪ್ಪಾದ ಅಂಚು. ನನ್ನ ಹೆಂಡತಿ ಐದು ತಿಂಗಳು ಕೂತು ಕೂಡಿಸಿದ ಚರ್ಮ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣದಾಯಿತು, ತೋಳಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದೆ. ಒಡೆದಿರಲಿಲ್ಲ.

"ಒಡೆದಿಲ್ಲ ಅಮ್ಮಿ."

"ಒಡೆದ್ರೆ ನಿನಗಿಂತ ಮುಂಚೆ ನಂಗೆ ಗೊತ್ತಾಗ್ತದೆ. ನೀನು ಮೊದ್ಲು ಉಸಿರು ಬಿಡು."

ಅಂಗಾತ ಮಲಗಿದ್ದಾಗ ಅಮ್ಮಿ ಏನು ಹೇಳಿದರೂ ಸೂರಿಗೆ ಹೇಳಿದಂತಾಗುತ್ತಿತ್ತು. ಖಾಲಾ ಬಗ್ಗಿ ಬಗ್ಗಿ ನೋಡಿ ಸೋತು ಬರೀ ತಲೆ ಸವರುತ್ತಿದ್ದಳು. ಈಗ ಇಬ್ಬರ ಮುಖವೂ ಎದುರುಬದುರಾಯಿತು, ಒಂದು ಗೇಣು ದೂರದಲ್ಲಿ. ಅಮ್ಮಿ ಸದ್ದಿಲ್ಲದೆ ತುಟಿಯಾಡಿಸಿದಳು. ಖಾಲಾ ಕಣ್ಣು ಕಿರಿದು ಮಾಡಿ ನೋಡಿ, ಜೋರಾಗಿ ನಕ್ಕುಬಿಟ್ಟಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ, ಅದು ನನಗೆ ಹೇಳಿದ್ದೂ ಅಲ್ಲ. ಎರಡು ವರ್ಷದ ಮಾತು ಅಲ್ಲಿಂದ ಶುರುವಾಯಿತು. ಎರಡು ಗಂಟೆ ಕಳೆದ ಮೇಲೆ ಖಾಲಾ ತಾನೇ ಎದ್ದು, ಕೂತಿದ್ದ ಸ್ಟೂಲನ್ನು ಮಂಚದ ಇನ್ನೊಂದು ಕಡೆಗೆ ಎಳೆದುಕೊಂಡು ಕೂತು, ಹೂಂ ಅಂತ ನನಗೆ ಸನ್ನೆ ಮಾಡಿದಳು.

ನಾನು ಮತ್ತೆ ಕೈ ಹಾಕಿದೆ. ಅಮ್ಮಿ ಹೊರಳಿ ಸರಿಯಾದ ಮೇಲೂ ಅವಳ ಕೈ ನನ್ನ ಕೈಯನ್ನು ಬಿಡಲಿಲ್ಲ. ಹೆಬ್ಬೆರಳಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದಳು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿಗಳನ್ನು.

"ನಿನ್ ಕೈ ಇಷ್ಟು ಒರಟಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ" ಅಂದಳು.